ಪಠ್ಯದಲ್ಲಿಲ್ಲದ ನೀರು

"ಹಲ್ಲು ಉಜ್ಜಲ್ವೇನಮ್ಮ ನೀನು?"

ಶಾಲೆಯ ತಪಾಸಣೆಗೆ ಬಂದಿದ್ದ ಪರಿವೀಕ್ಷಕರು ಹಾಗೆ ಕೇಳುವುದಕ್ಕೆ ಅರ್ಧ ನಿಮಿಷ ಮೊದಲಷ್ಟೇ ಎಂಟನೇ ತರಗತಿಯ ಸಿರಿ ಎದ್ದು ನಿಂತು, ಶುದ್ಧ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಸಿದ್ದಳು. ಭೇಷ್ ಎನ್ನಲು ಹೊರಟವರ ಕಣ್ಣು ಅವಳ ಬಾಯಿಯ ಮೇಲೆ ನಿಂತುಬಿಟ್ಟಿತು. ಹಲ್ಲಿನ ಮೇಲೆ ಕಂದು ಪಟ್ಟೆ, ಅಲ್ಲಲ್ಲಿ ಸುಣ್ಣ ಮೆತ್ತಿದಂಥ ಬಿಳಿ ಚುಕ್ಕೆ. "ಹೆಣ್ಣುಮಗಳು, ಉತ್ತರ ಇಷ್ಟು ಚೆನ್ನಾಗಿ ಹೇಳ್ತೀಯ, ಬಾಯಿ ನೋಡಿದ್ರೆ ಹೀಗಾ?" ಯಾರೂ ನಗಲಿಲ್ಲ. ನಗುವುದಿರಲಿ, ತರಗತಿಯ ನಲವತ್ತು ಬಾಯಿಗಳೂ ಒಟ್ಟಿಗೆ ಮುಚ್ಚಿಕೊಂಡವು.

"ಉಜ್ತೀನಿ ಸಾರ್," ಎಂದಳು ಸಿರಿ, ತುಟಿಯನ್ನು ಆದಷ್ಟೂ ತೆರೆಯದೆ. "ಇಟ್ಟಿಗೆ ಪುಡಿ ಹಾಕಿನೂ ತಿಕ್ಕೀನಿ. ವಸಡಲ್ಲಿ ರಕ್ತ ಬತ್ತೈತೆ, ಕಲೆ ಹೋಗಲ್ಲ."

ಕಪ್ಪು ಹಲಗೆಯ ಪಕ್ಕ ನಿಂತಿದ್ದ ವಿಜ್ಞಾನದ ಟೀಚರ್ ಮಾಲಿನಿಗೆ ಕಿವಿ ಬಿಸಿಯಾಯಿತು. ಸಿಟ್ಟು ಬರೀ ಪರಿವೀಕ್ಷಕರ ಮೇಲಲ್ಲ. ಬಿಕ್ಕೋಡಿನಿಂದ ಕಣಕಟ್ಟೆ ಆಚೆಯ ಈ ಊರಿಗೆ ವರ್ಗವಾಗಿ ಬಂದ ಹೊಸದರಲ್ಲಿ ಅವಳೂ ಇದೇ ಮಕ್ಕಳನ್ನು ಇದೇ ಮಾತಿನಲ್ಲಿ ಗದರಿದ್ದಳು. ಹಲ್ಲುಪುಡಿಯ ಪೊಟ್ಟಣ ಬೇರೆ ಹಂಚಿದ್ದಳು. ಸಿರಿಯ ಅಜ್ಜಿ ನಲವತ್ತೆಂಟಕ್ಕೇ ಮಂಡಿ ಮಡಚಲಾರದೆ ಗೋಡೆ ಹಿಡಿದು ನಡೆಯುವುದನ್ನು ಕಂಡ ಮೇಲೆ ಅವಳಿಗೆ ಊರಿನ ನೀರಿನ ಮೇಲೆ ಅನುಮಾನ ಬಂದದ್ದು.

"ಸಾರ್, ಅದು ಕೊಳೆಯಲ್ಲ. ಬೋರ್‌ವೆಲ್ ನೀರಲ್ಲಿರೋ ಫ್ಲೋರೈಡು. ಹಲ್ಲು ಹುಟ್ಟೋ ಮುಂಚೆಯಿಂದ ಇದನ್ನೇ ಕುಡಿದಿರ್ತವೆ. ಎಷ್ಟು ಉಜ್ಜಿದ್ರೂ ಹೋಗಲ್ಲ, ಮುಂದೆ ಮೂಳೆಗೂ ಇಳಿಯುತ್ತೆ," ಎಂದಳು. ಗೋಡೆಯ ಮೇಲಿನ ಹಾಳೆಯತ್ತ ಕೈ ತೋರಿಸಿದಳು. ಹೋದ ವಾರ ಆರೋಗ್ಯ ಸಹಾಯಕರೊಬ್ಬರನ್ನು ಕಾಡಿ ಬೇಡಿ ಪರೀಕ್ಷೆಯ ಪೆಟ್ಟಿಗೆ ತಂದಿದ್ದಳು. ಮಕ್ಕಳು ಊರಿನ ಏಳು ಬೋರ್‌ವೆಲ್‌ಗಳ ನೀರನ್ನು ಸೀಸೆಗಳಲ್ಲಿ ಹಿಡಿದು ತಂದಿದ್ದರು. ಔಷಧಿ ಬಿಟ್ಟಾಗ ಗುಲಾಬಿ ಬಣ್ಣ ಹಳದಿಗೆ ತಿರುಗಿದ್ದನ್ನು ಕಂಡು ಉಸಿರು ಬಿಗಿಹಿಡಿದಿದ್ದರು. ಕಂಡದ್ದನ್ನೆಲ್ಲ ಈ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಅವರೇ ಬರೆದಿದ್ದರು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಶಾಲೆಯ ಬೋರ್‌ವೆಲ್‌ನಲ್ಲಿ ನಾಲ್ಕು.

ಪರಿವೀಕ್ಷಕರು ಹಾಳೆಯನ್ನು ಓದಲಿಲ್ಲ. "ಇದು ಯಾವ ಪಾಠದಲ್ಲಿದೆ ಮೇಡಂ?"

"ಯಾವ ಪಾಠದಲ್ಲೂ ಇಲ್ಲ ಸಾರ್."

"ಮತ್ತೆ? ಎಂಟನೇ ಕ್ಲಾಸಿನ ಮಕ್ಕಳಿಗೆ ಏನು ಬೇಕು, ಎಷ್ಟು ಬೇಕು ಅಂತ ತಿಳಿದವರು ಕೂತು ಬರೆದಿದ್ದಾರೆ. ನೀವು ಆಗಲೇ ಎರಡು ಪಾಠ ಹಿಂದಿದ್ದೀರಿ. ನಾಳೆ ಪಂಚಾಯ್ತಿಯವರು ಬಂದು ಗಲಾಟೆ ಮಾಡಿದ್ರೆ ಯಾರು ಉತ್ತರ ಕೊಡೋರು? ತೆಗೀರಿ ಅದನ್ನ."

ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರ್ ಗಂಗಾಧರಯ್ಯ ಕಣ್ಣಲ್ಲೇ ಬೇಡಿಕೊಂಡರು. ಮಾಲಿನಿ ಹಾಳೆ ತೆಗೆದಳು. ಮಕ್ಕಳ ಕಡೆ ತಿರುಗಲು ಅವಳಿಗೆ ಮುಖವಿರಲಿಲ್ಲ.

ಆಫೀಸು ರೂಮಿನಲ್ಲಿ ಪರಿವೀಕ್ಷಕರು ವಿಸಿಟರ್ಸ್ ಬುಕ್ಕಿನಲ್ಲಿ ಎರಡು ಸಾಲು ಬರೆದರು: ವಿಜ್ಞಾನ ಶಿಕ್ಷಕಿ ಪಠ್ಯೇತರ ವಿಷಯಗಳಲ್ಲಿ ಕಾಲಹರಣ ಮಾಡುತ್ತಿದ್ದಾರೆ. ಮಕ್ಕಳ ಸ್ವಚ್ಛತೆಯ ಕಡೆ ಗಮನ ಸಾಲದು. ಅವರು ಎದ್ದು ಜೀಪಿನ ಕಡೆ ನಡೆದ ಮೇಲೆ ಗಂಗಾಧರಯ್ಯ ಪುಸ್ತಕವನ್ನು ಮಾಲಿನಿಯ ಮುಂದೆ ಸರಿಸಿದರು. "ಓದಿದ್ದೀನಿ ಅಂತ ಒಂದು ಸಹಿ ಹಾಕ್ಬಿಡಮ್ಮ. ಅಲ್ಲಿಗೆ ಮುಗೀತು."

ಮಾಲಿನಿ ಎರಡನೇ ಸಾಲನ್ನು ಮತ್ತೆ ಓದಿದಳು. ಸ್ವಚ್ಛತೆ. ಪೆನ್ನು ಎತ್ತಿಕೊಂಡಳು. ಸಹಿ ಹಾಕಲಿಲ್ಲ, ಆ ಸಾಲಿನ ಕೆಳಗೆ ಬರೆಯತೊಡಗಿದಳು. ಪಂಚಾಯ್ತಿ ಕಟ್ಟಡದ ಮುಂದಿನ ಬೋರ್‌ವೆಲ್, ಮೂರೂವರೆ. ಕಾಲೋನಿಯದು, ಐದು. ತೋಟದ ದಾರಿಯದು, ಮೂರು. ಹೀಗೆ ಏಳನ್ನೂ ಬರೆದು, ಈ ಶಾಲೆಯ ನೂರ ಹನ್ನೆರಡು ಮಕ್ಕಳು ಹಲ್ಲು ಉಜ್ಜುತ್ತಾರೆ ಎಂದು ಸೇರಿಸಿ, ಆಮೇಲೆ ಸಹಿ ಹಾಕಿ, 12-8-2002 ಎಂದು ದಿನಾಂಕವನ್ನೂ ಬರೆದಳು.

"ಏನ್ ಮಾಡ್ಬಿಟ್ಟೆ ತಾಯಿ!" ಗಂಗಾಧರಯ್ಯ ತಲೆ ಮೇಲೆ ಕೈ ಹೊತ್ತರು. "ಪ್ರತಿ ಹಾಳೆಗೂ ನಂಬರ್ ಹಾಕೈತೆ ಕಣಮ್ಮ, ಹರಿದು ಹಾಕೋಕೂ ಆಗಲ್ಲ. ಇನ್ನು ಬರೋ ಸಾಹೇಬರೆಲ್ಲ ಇದನ್ನ ಓದ್ತಾರೆ."

"ಓದಲಿ ಅಂತಲೇ ಬರೆದೆ ಸಾರ್. ಅವರು ಕೇಳೋ ಪಾಠ ಎರಡು ವಾರ ತಡವಾಗಿ ಕಲಿತ್ರೆ ಇವುಗಳ ಮಂಡಿ ಸೆಟೆದು ಹೋಗಲ್ಲ. ನಮ್ಮ ಬಾಯಿಗೆ ಏನು ಹೋಗ್ತಿದೆ ಅಂತ ತಿಳಿಸದಿದ್ದ ಮೇಲೆ ಅದೆಂಥಾ ವಿಜ್ಞಾನ? ನನಗೆ ಮೆಮೋ ಕೊಡ್ತಾರಾ, ಕೊಡಲಿ!"

ಅವಳ ದನಿ ವರಾಂಡದ ತುದಿಗೂ ಕೇಳಿರಬೇಕು. ಇಷ್ಟು ಜೋರಾಗಿ ತಾನು ಎಂದಾದರೂ ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ. ಎದೆ ಹಗುರವಾದಂತಾಗಿ ಹೊರಗೆ ಬಂದಳು.

ವಿರಾಮದ ಗಂಟೆ ಹೊಡೆದಿತ್ತು. ಮಕ್ಕಳೆಲ್ಲ ಶಾಲೆಯ ಬೋರ್‌ವೆಲ್ ಸುತ್ತ ಮುತ್ತಿದ್ದರು. ಒಬ್ಬ ಜೋತುಬಿದ್ದು ಹಿಡಿ ಒತ್ತುತ್ತಿದ್ದ. ಸಿರಿ ಬಗ್ಗಿ, ಬೊಗಸೆಯೊಡ್ಡಿ, ಗಟಗಟ ಕುಡಿಯುತ್ತಿದ್ದಳು.

"ಸಿರಿ!" ಮಾಲಿನಿ ಕೂಗಿದಳು. "ನಾಲ್ಕು ಅಂತ ಬರೆದವಳು ನೀನೇ ಅಲ್ವೇನೇ?"

ಹುಡುಗಿ ಬೆಚ್ಚಿ ತಲೆ ಎತ್ತಿದಳು. ಗಲ್ಲದಿಂದ ನೀರು ಇಳಿಯುತ್ತಿತ್ತು.

"ಗೊತ್ತು ಮಿಸ್," ಎಂದಳು. "ಬಾಯಾರೈತೆ."