ಪಿಸ್ಟನ್ ಮೇಲಿನ ಹಿಟ್ಟು

ಈಗಲೂ ಚಪಾತಿ ಹಿಟ್ಟು ನಾದುವಾಗ ನನ್ನ ಮೂಗಿಗೆ ಇಂಜಿನ್ ಆಯಿಲ್ ವಾಸನೆ ಬಡಿಯುತ್ತದೆ.

ಆ ಮಧ್ಯಾಹ್ನ ದಾವಣಗೆರೆಯ ನಮ್ಮ ಮನೆ ಮುಂದೆ ಹಳೆಯ ಪುಟ್ಟ ಕಾರು ಬಾನೆಟ್ ತೆರೆದು ನಿಂತಿತ್ತು. ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ಹೆಚ್ಚಿದರೆ ಎಳೆತ ಹೆಚ್ಚುತ್ತದೆಂದು ಅಪ್ಪ ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಹರಿಹರದ ಲೇತ್ ಅಂಗಡಿಯಲ್ಲಿ ಕೊಂಚ ತೇಯಿಸಿ ತಂದಿದ್ದರು.

"ಜಾಸ್ತಿ ತೇಯ್ದಿದ್ರೆ?" ಅಮ್ಮ ಕೇಳಿದಳು.

"ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿತೈತೆ, ಇಂಜಿನ್ ಹಾಳಾಗ್ತೈತೆ. ನಡುವೆ ಎಷ್ಟು ಜಾಗ ಉಳಿದೈತೆ ಅಂತ ನೋಡಬೇಕು, ಅದಕ್ಕೇ ಒಂದು ಉಂಡೆ ಹಿಟ್ಟು ಕೊಡು."

ಅಮ್ಮ ಎಣ್ಣೆ ಸವರಿ ಕೊಟ್ಟ ಹಿಟ್ಟನ್ನು ಅಪ್ಪ ಪಿಸ್ಟನ್ ಮೇಲೆ ಮೆತ್ತಿ, ಹೆಡ್ ಬಿಗಿದು, ಇಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿ, ಮತ್ತೆ ಬಿಚ್ಚಿದರು. ಹಿಟ್ಟಿನಲ್ಲಿ ವಾಲ್ವಿನ ದುಂಡನೆಯ ಅಚ್ಚು ಮೂಡಿತ್ತು. ಅಪ್ಪ ಅಳತೆಪಟ್ಟಿ ಹುಡುಕುವಷ್ಟರಲ್ಲಿ ಅಮ್ಮ ಅದನ್ನು ಬೆರಳಲ್ಲಿ ಒತ್ತಿ ನೋಡಿದ್ದಳು.

"ಹರಿದಿಲ್ಲ. ಹೋಳಿಗೆಯಷ್ಟು ದಪ್ಪ ಐತೆ. ಜೋಡಿಸ್ರಿ."

ಲೈಸೆನ್ಸ್ ಇದ್ದರೂ ಅಮ್ಮ ಅದುವರೆಗೆ ಕೂತದ್ದು ಪಕ್ಕದ ಸೀಟಿನಲ್ಲೇ. ಸಂಜೆ ಅಪ್ಪ ಕೈ ತೊಳೆದು ಬಂದಾಗ ಅವಳು ಸ್ಟೇರಿಂಗ್ ಹಿಡಿದು ಕೂತಿದ್ದಳು, ನಾನು ಹಿಂದೆ.

"ಆ ಕಡೆಯಿಂದ ಹತ್ರಿ," ಅಂದಳು.

ಇಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಹರಿಹರದ ಸೇತುವೆಯವರೆಗೂ ಅಪ್ಪ ಆ ಹಿಟ್ಟಿನ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.