ಚುಚ್ಚದ ಸೂಜಿ

"ಎಂಟು ವರ್ಷದಲ್ಲಿ ನಿಮ್ಮ ಲಾಂಡ್ರಿಯಲ್ಲಿ ಒಬ್ಬರಿಗಾದ್ರೂ ಸೂಜಿ ಚುಚ್ಚಿದೆಯೇನ್ರೀ? ಇಲ್ಲ ತಾನೆ? ಮತ್ತೆ ಸೂಜಿ ಹುಡುಕೋಕೇ ಅಂತ ಒಂದು ಆಳು ಯಾಕೆ?"

ಆಸ್ಪತ್ರೆಯ ಹೊಸ ಆಡಳಿತಾಧಿಕಾರಿ ಇಷ್ಟು ಹೇಳಿ ಆದೇಶದ ಹಾಳೆಯನ್ನು ಮುಂದಕ್ಕೆ ತಳ್ಳಿದರು. ಸೋಮವಾರದಿಂದ ವಾರ್ಡುಗಳ ಕೊಳೆಬಟ್ಟೆ ನೇರವಾಗಿ ಯಂತ್ರಕ್ಕೆ, ಸೂಜಿ ಹುಡುಕುವ ಆಳು ದೊಡ್ಡಮ್ಮ ಮನೆಗೆ. ಎದುರಿಗೆ ನಿಂತಿದ್ದ ಲಾಂಡ್ರಿ ಮೇಲ್ವಿಚಾರಕಿಗೆ ಮೈಯೆಲ್ಲ ಉರಿದುಹೋಯಿತು.

ಚುಚ್ಚಿಲ್ಲವಂತೆ! ಯಾಕೆ ಚುಚ್ಚಿಲ್ಲ ಎಂದು ಕೇಳುವ ವ್ಯವಧಾನ ಈ ಮಹಾನುಭಾವನಿಗಿಲ್ಲ. ಬೆಳಗ್ಗೆ ಏಳಕ್ಕೇ ಬಂದು, ದಪ್ಪ ಕೈಗವಸು ತೊಟ್ಟು, ಒಂದೊಂದು ಹೊದಿಕೆಯ ಮಡಿಕೆಯನ್ನೂ ಅಂಗುಲ ಅಂಗುಲ ಸವರಿ ನೋಡುವವಳು ದೊಡ್ಡಮ್ಮ. ದಿನಕ್ಕೆ ಏನಿಲ್ಲವೆಂದರೂ ಎರಡು ಸೂಜಿ, ಒಮ್ಮೊಮ್ಮೆ ಬ್ಲೇಡು. ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಮುಂದಿನ ಗಂಟಿಗೆ ಕೈ ಹಾಕುವಳೇ ಹೊರತು, "ಸಿಕ್ತು ನೋಡಿ" ಎಂದು ಒಂದು ದಿನವೂ ಡಂಗುರ ಹೊಡೆದವಳಲ್ಲ. ಅದೇ ಅವಳು ಮಾಡಿದ ತಪ್ಪು! ದಿಂಬಿನ ಚೀಲದಲ್ಲಿ ಯಾರದೋ ಹಲ್ಲಿನ ಸೆಟ್ಟು ಸಿಕ್ಕರೆ ಮಾತ್ರ "ಅಯ್ಯೋ ಪಾಪ, ಊಟ ಹೇಗೆ ಮಾಡ್ತಾರೋ" ಎಂದು ಕೂಗಿಕೊಂಡು, ತೊಳೆದು, ಕಾಗದದಲ್ಲಿ ಸುತ್ತಿ, ಮೂರು ಮಹಡಿ ಹತ್ತಿ ಕೊಟ್ಟು ಬರುತ್ತಿದ್ದಳು.

"ಒಂದು ನಿಮಿಷ ಇರಿ ಸಾರ್," ಎಂದು ಮೇಲ್ವಿಚಾರಕಿ ದಡದಡನೆ ಕೆಳಗಿಳಿದಳು. ತಿರುಗಿ ಬಂದಾಗ ಅವಳ ಎರಡೂ ಕೈ ತುಂಬ ತುರ್ತು ವಿಭಾಗದಿಂದ ಆಗಷ್ಟೇ ಇಳಿದ ಬಟ್ಟೆಗಂಟು. ಕೈಗವಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ದೊಡ್ಡಮ್ಮ, ಏನಾಯಿತೆಂದು ತಿಳಿಯದೆ, ಹಿಂದೆ ಹಿಂದೆಯೇ ಓಡಿಬಂದಿದ್ದಳು. ಗಂಟು ಸಾಹೇಬರ ಮೇಜಿನ ಒಂದು ಬದಿಗೆ ಧೊಪ್ಪೆಂದು ಬಿತ್ತು.

"ಏನ್ರೀ ಇದು ಗಲೀಜು!"

"ಇದನ್ನ ಇನ್ನೂ ಯಾರೂ ನೋಡಿಲ್ಲ ಸಾರ್. ಸೋಮವಾರದಿಂದ ಯಂತ್ರಕ್ಕೆ ಬಟ್ಟೆ ತುಂಬೋ ನನ್ನ ಹೆಣ್ಮಕ್ಕಳು ಇಂಥದ್ದಕ್ಕೇ ತಾನೆ ಕೈ ಹಾಕ್ಬೇಕು? ಮೊದಲು ನೀವು ಹಾಕಿ."

"ತಲೆ ಕೆಟ್ಟಿದೆಯಾ ನಿಮಗೆ?"

"ಕೆಟ್ಟಿದೆ. ಹಾಕಿ ಸಾರ್."

ಸಾಹೇಬರ ಎರಡೂ ಕೈಗಳು ಮೆಲ್ಲಗೆ ಮೇಜಿನ ಕೆಳಕ್ಕೆ ಜಾರಿದವು. ದೊಡ್ಡಮ್ಮನಿಗೇ ನೋಡಲಾಗಲಿಲ್ಲ.

"ಬಿಡು ತಾಯಿ, ಅವರಿಗೆಲ್ಲಿ ಅಭ್ಯಾಸ ಇರುತ್ತೆ," ಎಂದು ಕೈಗವಸು ತೊಟ್ಟು ಗಂಟು ಬಿಚ್ಚಿದಳು. ಮೂರನೆಯ ಹೊದಿಕೆಯ ಮಡಿಕೆಯಲ್ಲಿ ಅವಳ ಬೆರಳು ನಿಂತಿತು. "ಸ್ವಲ್ಪ ಹಿಂದಕ್ಕೆ ಕೂತ್ಕೊಳ್ಳಿ ಸಾರ್, ಹುಷಾರು." ರಕ್ತ ಮೆತ್ತಿದ ಸೂಜಿಯೊಂದನ್ನು ಎತ್ತಿದಳು. ಡಬ್ಬಿ ಕೆಳಗೇ ಉಳಿದಿತ್ತು. ಹಾಗಾಗಿ ಆದೇಶದ ಹಾಳೆಯ ಮೇಲೆಯೇ ಇಟ್ಟಳು, ಮೊನೆಯನ್ನು ತನ್ನ ಕಡೆಗೆ ತಿರುಗಿಸಿ. ಆಮೇಲೆ ಹಾಳೆಯತ್ತ ಬಗ್ಗಿ, ಅದರಲ್ಲಿದ್ದ ತನ್ನ ಹೆಸರನ್ನು ಓದಿದಳು. ಕೈಗವಸು ಕಳಚಿದಳು.

"ನಾನು ಎಲ್ಲಿ ಸಹಿ ಹಾಕ್ಬೇಕು ಸಾರ್? ಆ ಪೆನ್ನು ಸ್ವಲ್ಪ ಕೊಡಿ."

ಪೆನ್ನು ಸೂಜಿಯ ಪಕ್ಕದಲ್ಲೇ ಇತ್ತು. ಸಾಹೇಬರ ಕೈ ಮೇಜಿನ ಕೆಳಗಿನಿಂದ ಮೇಲೆ ಬರಲಿಲ್ಲ.