ಎಡೆಗಿಟ್ಟ ಬ್ರಾಂದಿ

ಹಿರಿಯರ ಹಬ್ಬಕ್ಕೆ ಅಪ್ಪನ ಫೋಟೊ ಮುಂದೆ, ಅವನಿಗಿಷ್ಟವಾಗಿದ್ದ ಬ್ರಾಂದಿಯನ್ನೂ ಎಡೆಗಿಟ್ಟಿದ್ದರು. ಪೂಜೆಯಾದ ಮೇಲೆ ಅದನ್ನು ಗಂಡುಮಕ್ಕಳು ಪ್ರಸಾದವೆಂದು ಕುಡಿಯಬೇಕು. ಅಣ್ಣ ಬಿಪಿ ಮಾತ್ರೆಯ ನೆಪ ಹೇಳಿ ತಪ್ಪಿಸಿಕೊಂಡ. ಈವರೆಗೆ ಹೆಂಡದ ರುಚಿಯನ್ನೇ ನೋಡದ ತಮ್ಮ, ಕಣ್ಣುಮುಚ್ಚಿ ಒಂದು ಲೋಟ ಗಂಟಲಿಗೆ ಸುರಿದುಕೊಂಡ.

ಗಂಟಲು ಉರಿಯಿತು. ಕಿವಿ ಬಿಸಿಯಾಯಿತು. ಎದೆ ಡವಡವ ಬಡಿಯತೊಡಗಿತು.

“ಏರ್ತು ಕಣಣ್ಣ,” ಎಂದು ಎದ್ದು ನಿಂತ. “ಇವತ್ತು ಹೇಳೇಬಿಡ್ತೀನಿ. ಮಲಗಿದ್ದ ಅಪ್ಪನ ಹೇಲು ಉಚ್ಚೆ ಬಾಚಿದ್ದು ನಾನು, ಊರೋರ ಮುಂದೆ ಒಳ್ಳೆ ಮಗ ಅನ್ನಿಸ್ಕೊಂಡಿದ್ದು ನೀನು! ನಿನ್ನ ಟೈರ್ ಅಂಗಡೀಲಿ ಕತ್ತೆ ಥರ ದುಡಿದೆ. ಒಂದಿನ ಗಿರಾಕಿಗಳ ಮುಂದೆ ನನ್ ತಮ್ಮ ಅಂದಿದ್ದೀಯಾ? ನಾಳೆಯಿಂದ ಬರಲ್ಲ, ಹೋಗು!”

ಅಣ್ಣ ಎಲೆಯಿಂದ ತಲೆ ಎತ್ತದೆ ನಕ್ಕ. “ಕುಡಿದಿರೋನ ಮಾತು, ಯಾರೂ ಮನಸ್ಸಿಗೆ ಹಾಕ್ಕೋಬೇಡಿ. ಬೆಳಗ್ಗೆ ಇಳಿದ ಮೇಲೆ ಅವನೇ ಬಂದು ಶಟರ್ ಎತ್ತುತಾನೆ.”

ನೆಂಟರೂ ನಕ್ಕರು.

ಬಡಿಸುತ್ತಿದ್ದ ಅವ್ವ ಸೌಟು ಕೆಳಗಿಟ್ಟಳು.

“ಇಳಿಯೋಕೆ ಏನದೆ? ನನ್ ಗಂಡನ್ನ ತಿಂದ ಬ್ರಾಂದಿ ಮನೆಯೊಳಕ್ಕೆ ಬರಬಾರದು ಅಂತ, ಆ ಬಾಟ್ಲಿಗೆ ನಾನು ಶುಂಠಿ ಕಷಾಯ ತುಂಬಿಟ್ಟಿದ್ದೆ.”